ಬುಟ್ಟಿಯ ಚಿತ್ತಾರ ಮತ್ತು ಬಲಿಪೀಠದ ಹೂವು



ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಬಂದು ಮರಗಳಲ್ಲಿ ಗೂಡು ಕಟ್ಟುತ್ತವೆ. 1989ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. ಹಕ್ಕಿ ಕಟ್ಟಿದ ಗೂಡು ಕೊನೆಗೆ ಮಣ್ಣಿಗೇ ಸೇರುತ್ತದೆ. ಮನುಷ್ಯ ಮಾಡಿದ್ದೂ ಹಾಗೆಯೇ ಇರಬಲ್ಲದೇ?

ಇರಬಲ್ಲದು ಎಂದು ಇದೇ ಸೀಮೆಯ ದೀವರ ಹೆಣ್ಣುಮಕ್ಕಳು ತೋರಿಸಿಕೊಟ್ಟಿದ್ದಾರೆ. ಭೂಮಿ ಹುಣ್ಣಿಮೆಗೆ ಅವರು ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಫಸಲು ಹೊತ್ತ ಹೊಲಕ್ಕೆ, ಬಸುರಿಗೆ ಬಡಿಸುವಂತೆ, ಅಡುಗೆ ಒಯ್ಯುತ್ತಾರೆ. ಅವರ ಪೂಜೆಯ ರೀತಿ ನಮ್ಮದಲ್ಲ. ಆದರೆ ಆ ಕೃತಜ್ಞತೆ ನಮಗೂ ಪಾಠ.

ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ತೋಟವನ್ನು ವ್ಯವಸಾಯ ಮಾಡಲೂ ಕಾಯಲೂ ಒಪ್ಪಿಸಿದರು. ಇವು ಒಂದೇ ಕರೆಯ ಎರಡು ಮುಖಗಳು. ಗೂಡಿನ ಮರಿಗಳನ್ನು ತೆಗೆದುಕೊಂಡರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಬಳಸು, ಆದರೆ ಬೇರನ್ನು ಕೀಳಬೇಡ ಎಂಬುದೇ ಅದರ ತಾತ್ಪರ್ಯ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ 'ಲಾವ್ದಾತೋ ಸೀ' ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೇ ಕೇಳಿಸಿಕೊಳ್ಳಲು ಕರೆಕೊಟ್ಟರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಒಂದು ವರ್ಷ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಬಲಿಪೀಠವನ್ನು ಥರ್ಮೋಕೋಲು, ಪ್ಲಾಸ್ಟಿಕ್ ಹೂಗಳಿಂದ ಅಲಂಕರಿಸಲು ಒಪ್ಪಿದವನು ನಾನೇ. ಹಬ್ಬ ಮುಗಿದ ಮೇಲೆ ಅದನ್ನೆಲ್ಲ ದೇವಾಲಯದ ಹಿಂದೆ ಸುಟ್ಟೆವು. ಹೊಗೆ ಪಕ್ಕದ ಮನೆಗೆ ನುಗ್ಗಿತು. ಅಲ್ಲಿನ ಅಜ್ಜಿ ರಾತ್ರಿಯಿಡೀ ಕೆಮ್ಮಿದರು. ದೇವರ ಅಲಂಕಾರ ನೆರೆಯವರ ಉಸಿರು ಕಟ್ಟಿಸಿತು. ಅದನ್ನು ಭಕ್ತಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಫಾದರ್, ಪ್ಲಾಸ್ಟಿಕ್ ಅಗ್ಗ, ಬಾಳಿಕೆಯೂ ಬರುತ್ತದೆ" ಎನ್ನುವಿರಿ. ನಿಜ. ಚಿತ್ತಾರವೂ ಇಂದು ಅಂಗಡಿಯ ಬಣ್ಣದಲ್ಲಿ ಮಾರಾಟಕ್ಕೆ ಬಂದಿದೆ. ಬರೆದವಳನ್ನು ಗದರಿಸುವ ಹಕ್ಕು ನಮಗಿಲ್ಲ. ಅವಳಿಗೂ ಮಕ್ಕಳ ಫೀಸು ಕಟ್ಟಬೇಕು. ಕೆಮ್ಮಣ್ಣು ಅರೆದು ಬಣ್ಣ ಮಾಡಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ಬೆಲೆ ಕೊಡದೆ, ನಾಲ್ಕು ಕಾಸಿಗೆ ಚೌಕಾಸಿ ಮಾಡಿ, ಆಮೇಲೆ ಪರಿಸರದ ಉಪದೇಶ ಮಾಡುವುದು ನ್ಯಾಯವಲ್ಲ. ಸೃಷ್ಟಿಯನ್ನು ಕಾಯುವ ಖರ್ಚನ್ನು ಬಡವರ ತಲೆಗೆ ಕಟ್ಟಬಾರದು.

ಮುಂದಿನ ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯ ಜೊತೆಗೆ ನಿಮ್ಮ ಹಿತ್ತಲ ಹೂವನ್ನೇ ತನ್ನಿರಿ. ದಾಸವಾಳವಾದರೂ ಸರಿ, ಕಾಡುಹೂವಾದರೂ ಸರಿ. ಮಕ್ಕಳೇ ಕಟ್ಟಲಿ, ಸೊಟ್ಟಗಾದರೂ ಚಿಂತೆಯಿಲ್ಲ. ಮರುದಿನ ಬಾಡಿದ ಹೂವನ್ನು ಗಿಡದ ಬುಡಕ್ಕೆ ಹಾಕೋಣ. ಈ ವಾರ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಿ: ನಮ್ಮ ಸಂಭ್ರಮದ ಹೊಗೆ ಯಾರ ಮನೆಗೆ ಹೋಗುತ್ತಿದೆ?