ನೋಟಕ್ಕೆ ಒಡೆಯರುಂಟೆ?

ಕೃಷ್ಣೆಯ ದಡದ ಉಗಾರ ಖುರ್ದದಲ್ಲಿ ಕಬ್ಬು ಸೂಲಂಗಿಯೊಡೆಯುವ ಕಾಲಕ್ಕೆ ಮಾಳಿಗೆಯ ಮೇಲೆ ನಿಂತವನಿಗೆ, ಬೆಳ್ಳನೆಯ ಗರಿಗಳಾಚೆ ಹೊಳೆಯ ನೀರು ಮಿನುಗುವುದು ಕಾಣುತ್ತದೆ. ಮುಂದಿನ ನಿವೇಶನದಲ್ಲಿ ಮೂರಂತಸ್ತು ಎದ್ದು ಆ ನೋಟ ಮುಚ್ಚಿಹೋದರೆ, ಹಿಂದಿನ ಮನೆಯವನು ಕಳೆದುಕೊಂಡುದು ತನ್ನದನ್ನೊ, ತನ್ನದಲ್ಲದುದನ್ನೊ ಎಂಬುದು ನ್ಯಾಯಾಲಯದ ಪ್ರಶ್ನೆಯಾಗುವುದಕ್ಕೆ ಮುನ್ನವೇ ಧರ್ಮದ ಪ್ರಶ್ನೆಯಾಗಿದೆ.

1882ರ ಈಸ್‌ಮೆಂಟ್ ಅಧಿನಿಯಮವು 20 ವರ್ಷ ತಡೆಯಿಲ್ಲದೆ ಮನೆಗೊದಗಿದ ಗಾಳಿ ಬೆಳಕುಗಳನ್ನು ಕಾಯುತ್ತದೆ. ಕಿಟಕಿಯಿಂದ ಕಾಣುವ ಚೆಲುವಿಗೆ, ತಲೆಮಾರುಗಳೇ ಅದನ್ನು ಸವಿದಿದ್ದರೂ, ನಮ್ಮ ನ್ಯಾಯಶಾಸ್ತ್ರ ಹಕ್ಕನ್ನು ಕೊಡದು. ಈ ವಿಚಾರ 1610ರ ಇಂಗ್ಲೆಂಡಿನ ಆಲ್ಡ್ರೆಡ್ ಮೊಕದ್ದಮೆಯಷ್ಟು ಹಳೆಯದು: ನೆರೆಯವನ ಹಂದಿದೊಡ್ಡಿಯ ದುರ್ನಾತಕ್ಕೆ ಪರಿಹಾರವಿತ್ತ ಆ ತೀರ್ಪಿನಲ್ಲಿಯೇ, ನೋಟವು ಆನಂದದ ವಿಷಯವೇ ಹೊರತು ಅಗತ್ಯದ್ದಲ್ಲವೆಂಬ ನಿರ್ಣಯವಿದೆ. ಹೊಳೆಗಿಳಿಯಲಾರದ ಮುದುಕಿಯೊಬ್ಬಳು ಬೆಳಗಾಗುತ್ತಲೆ ಸೆರಗು ಹೊದ್ದು, ಮಾಳಿಗೆಯ ಅಂಚಿನಲ್ಲಿ ನಿಂತು ಕೃಷ್ಣಾಮಾಯಿಗೆ ಕೈಮುಗಿಯುವಾಗ, ಆ ದರ್ಶನವು ಆನಂದವೊ ಅಗತ್ಯವೊ ಎಂದು ಯಾವ ನ್ಯಾಯಾಧೀಶನು ಬೇರ್ಪಡಿಸಬಲ್ಲನು?

ಆದರೂ ಹಕ್ಕೆನ್ನಲು ನನ್ನ ಮನಸ್ಸು ಅಳುಕುತ್ತದೆ. ಪರಿಗ್ರಹವು, ಎಂದರೆ ತನ್ನದೆಂದು ಹಿಡಿದುಕೊಳ್ಳುವಿಕೆಯು, ವಸ್ತುವಿನಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿ, ಮೋಹದಲ್ಲಿದೆ ಎಂಬುದು ಜೈನರ ತತ್ತ್ವಾರ್ಥಸೂತ್ರದ ನಿಲುವು. ಈ ಸೀಮೆಯ ಜೈನ ಮನೆತನಗಳಿಗೆ ಅದು ಹೊಸದಲ್ಲ. ಆ ಮಾನದಿಂದ ಅಳೆದರೆ, ಮುಟ್ಟಲಾಗದ ನೋಟವೂ ಪರಿಗ್ರಹವೇ ಆದೀತು. ಇಂದು ಅಡ್ಡಗಟ್ಟಿತೆಂದು ಮರುಗುವ ಮನೆಯೂ ಎದ್ದ ಕಾಲದಲ್ಲಿ ಯಾರ ಕಣ್ಣಿಗೋ ಅಡ್ಡ ಬಂದುದೇ; 1939ರಲ್ಲಿ ಸ್ಥಾಪನೆಗೊಂಡ ಸಕ್ಕರೆ ಕಾರಖಾನೆಯ ಚಿಮಣಿಯೂ ಊರಿನ ಬಾನಂಚನ್ನು ಬದಲಿಸಿತು, ಜೊತೆಗೆ ಎಷ್ಟೋ ಮನೆಗಳ ಒಲೆ ಉರಿಸಿತು.

ಆದರೆ ಅಪರಿಗ್ರಹವನ್ನು ಕಳೆದುಕೊಳ್ಳುವವನಿಗೆ ಮಾತ್ರ ಬೋಧಿಸುವುದು ಅಧರ್ಮ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವ ಅಣುವ್ರತವು ಎಲ್ಲ ಶ್ರಾವಕರಿಗೂ ವಿಹಿತವಾದುದು, ಕಟ್ಟುವವನೂ ಅದಕ್ಕೆ ಹೊರತಲ್ಲ. ನೋಟವು ಯಾರ ಸೊತ್ತೂ ಅಲ್ಲವೆಂದು ನೆರೆಯವನಿಗೆ ಹೇಳಿದ ಅದೇ ಬಾಯಿಂದ, ಹೊಳೆ ಕಾಣುವ ಮನೆಯೆಂದು ಹೊಗಳಿ ಹೆಚ್ಚಿನ ಬೆಲೆಗೆ ಮಾರುವುದು, ಎಲ್ಲರದನ್ನು ಕದ್ದು ಬೆಲೆಕಟ್ಟಿದಂತೆಯೇ ಸರಿ.

ಹಂಪೆಯೆದುರಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳ ತೆರವನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಎತ್ತಿಹಿಡಿಯಿತು. ಅದಕ್ಕೆ ಮುಂಚೆ, 2011ರಲ್ಲಿ, ಹಂಪೆ ಬಜಾರಿನ ಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳೂ ಪರಂಪರೆಯ ರಕ್ಷಣೆಯ ಹೆಸರಿನಲ್ಲಿಯೇ ಒಕ್ಕಲೆದ್ದಿದ್ದವು. ರೆಸಾರ್ಟುಗಳ ತೆರವು ಎಲ್ಲರ ನೋಟಕ್ಕೆ ಬೆಲೆಕಟ್ಟುವವರಿಗೆ ಹಾಕಿದ ಮಿತಿಯಾದುದರಿಂದ ನನಗೆ ನ್ಯಾಯವೆನಿಸುತ್ತದೆ; ಬಜಾರಿನದು ಅಲ್ಲಿ ಬಾಳುವವರ ಮೇಲಷ್ಟೇ ಭಾರ ಹೊರಿಸಿದುದರಿಂದ ಎನಿಸದು. ಮಿತಿಯು ಎಲ್ಲರಿಗೂ ಸಮನಾಗಿದ್ದರೆ ಮಾತ್ರ ನ್ಯಾಯ. ಆದುದರಿಂದ ಉಗಾರದ ಗೃಹಸ್ಥನು ತನ್ನೊಂದು ಕಿಟಕಿಗಾಗಿ ಕಾದಾಡದೆ, ಹೊಳೆಗೆ ಹತ್ತಿರದ ಸಾಲಿನ ಮನೆಗಳ ಎತ್ತರಕ್ಕೆ ಮಿತಿಯಿರಲಿ, ದಡಕ್ಕಿಳಿಯುವ ಓಣಿಗಳು ತೆರೆದಿರಲಿ ಎಂದು ಊರಾಡಳಿತವನ್ನು ಕೇಳುವುದು ಲೇಸು. ಆ ಮಿತಿಗೆ ಅವನ ಮನೆಯೂ ಒಳಪಡಬೇಕು.