ಎರಡು ಲೋಟಗಳ ನ್ಯಾಯ

ಗ್ಲಾಸ್ಗೋದಲ್ಲಿರುವ ಸೋದರಳಿಯನ ಮನೆಗೆ ಹೋಗಿದ್ದೆ. ಒಂದು ಸಂಜೆ ಅವನು ಎರಡು ಪುಟ್ಟ ಲೋಟಗಳನ್ನು ಮುಂದಿಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗನಷ್ಟು ಗಂಭೀರನಾಗಿದ್ದ. ಎರಡರಲ್ಲೂ ಲಫ್ರಾಯ್ಗ್ ಎಂಬ ವಿಸ್ಕಿ. ಬ್ಯಾಚು ಮಾತ್ರ ಬೇರೆ ಬೇರೆ. ನಾನು ಕುಡಿಯುವವನಲ್ಲ, ನನಗೆ ಚಹಾ ಬಂತು. ಕುಡಿಯದವನಿಗೂ ಮೂಗಿದೆಯಲ್ಲ! ಬಗ್ಗಿದರೆ ಮೊದಲು ಆಸ್ಪತ್ರೆಯ ಟಿಂಚರ್ ವಾಸನೆ, ಅದರ ಬೆನ್ನಿಗೇ ಹಸಿ ಸೌದೆಯ ಹೊಗೆ.

ಆ ಹೊಗೆ ಸ್ಕಾಟ್ಲೆಂಡಿನ ಐಲಾ ದ್ವೀಪದ್ದು. ಅಲ್ಲಿಯ ಜೌಗಿನಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಅರೆಕೊಳೆತು ಪೀಟ್ ಎಂಬ ಕಪ್ಪು ಮಣ್ಣಾಗಿದೆ. ಅದನ್ನು ಕಡಿದು ಒಣಗಿಸಿ ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರೆ. ಭಟ್ಟಿ ಇಳಿಸಿದ ಮೇಲೆ ಹತ್ತು ವರ್ಷ ಓಕ್ ಪೀಪಾಯಿಯಲ್ಲಿ ವಾಸ. ಒಂದು ಪೀಪಾಯಿಯ ಹಾಗೆ ಇನ್ನೊಂದಿಲ್ಲ. ಸಾಮಾನ್ಯ ಬಾಟಲಿಯಲ್ಲಿ ಈ ವ್ಯತ್ಯಾಸ ಕಾಣಿಸದಂತೆ ಹಲವು ಪೀಪಾಯಿಗಳನ್ನು ಕೂಡಿಸಿ, ನೀರು ಬೆರೆಸಿ ಸಮ ಮಾಡುತ್ತಾರೆ. ಅಳಿಯನ ಮುಂದಿದ್ದದ್ದು ಹಾಗೆ ನೀರು ಬೆರೆಸದ ಬಗೆ. 2009ರಿಂದ ಇದಕ್ಕೆ ಬ್ಯಾಚಿನ ಸಂಖ್ಯೆಯನ್ನೂ ಚೀಟಿಯ ಮೇಲೆ ಅಚ್ಚು ಹಾಕುತ್ತಾರೆ. ಅವನ ಲೋಟಗಳಲ್ಲಿದ್ದದ್ದು 11 ಮತ್ತು 12: 11ನೆಯದರಲ್ಲಿ ಮದ್ಯಸಾರ ಶೇ. 58.6, 12ನೆಯದರಲ್ಲಿ 60.1.

ನನಗೆ ಹಿಡಿಸಿದ್ದು ಅವನ ನೇಮ. ಯಾವ ಲೋಟದಲ್ಲಿ ಯಾವುದೆಂದು ಅವನ ಹೆಂಡತಿಗೆ ಮಾತ್ರ ಗೊತ್ತು. ಖಾರ ಹೆಚ್ಚಿದ್ದದ್ದೇ ಗೆಲ್ಲಬಾರದೆಂದು ಆಕೆ ಹನಿ ಹನಿ ನೀರು ಹಾಕಿ ಎರಡನ್ನೂ ಒಂದೇ ಹದಕ್ಕೆ ತಂದಿದ್ದಳು. ಒಮ್ಮೆ ಎಡದಿಂದ, ಬಾಯಿ ತೊಳೆದು ಇನ್ನೊಮ್ಮೆ ಬಲದಿಂದ. ಮೊದಲ ಗುಟುಕಿನ ಹೊಗೆ ನಾಲಿಗೆ ಹಿಡಿದುಬಿಟ್ಟರೆ ಎರಡನೆಯದರ ಅಹವಾಲು ಕೇಳುವವರಿಲ್ಲ. ಹಳೆಯ ಬ್ಯಾಚಿನ ಬಾಟಲಿ ಅರ್ಧ ಖಾಲಿಯಾಗಿ ಕಪಾಟಿನಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ, ಅದನ್ನು ತೆರೆದ ದಿನವೇ ಸಣ್ಣ ಸೀಸೆಯಲ್ಲಿ ಕತ್ತಿನ ತನಕ ತುಂಬಿಟ್ಟದ್ದನ್ನು ತೆಗೆದಿದ್ದ. "ಇದು ವರ್ಷವೆಲ್ಲ ಗಾಳಿ ಕುಡಿದಿದೆ ಮಾಮ. ಇದನ್ನ ಹೊಸದರ ಪಕ್ಕ ಇಟ್ಟರೆ ನ್ಯಾಯ ಅಲ್ಲ." ವಯಸ್ಸಿನ ಲೆಕ್ಕವೂ ಹಾಗೆಯೇ ಅಂತೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಇದೇ ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಮೇಲೆ. ಸ್ಕಾಟ್ಲೆಂಡಿನ ಹತ್ತು ವರ್ಷದ ಪಕ್ಕ ಬೆಂಗಳೂರಿನ ನಾಲ್ಕು ವರ್ಷವನ್ನಿಟ್ಟು, ಇದು ಎಳೆಯದು ಎನ್ನುವ ಹಾಗಿಲ್ಲ.

ಚಹಾ ಆರುತ್ತಿತ್ತು. ನಾವು ಗೃಹಸ್ಥರು ದಿನಕ್ಕೆ ಎಷ್ಟು ಹೋಲಿಕೆ ಮಾಡುತ್ತೇವೆ, ಅದೂ ಚೀಟಿ ನೋಡಿಕೊಂಡೇ! "ನಿನ್ನ ವಯಸ್ಸಿಗೆ ನಿಮ್ಮಣ್ಣ..." ಎಂದು ಚಿಕ್ಕ ಮಗನಿಗೆ ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ. ಅಣ್ಣನ ಆ ವಯಸ್ಸಿನಲ್ಲಿ ನಾನು ಸಂಜೆ ಐದೂವರೆಗೆ ಮನೆಯಲ್ಲಿರುತ್ತಿದ್ದೆ, ಪಕ್ಕದಲ್ಲಿ ಕೂತು ಲೆಕ್ಕ ಹೇಳಿಕೊಡುತ್ತಿದ್ದೆ. ಇವನ ಕಾಲಕ್ಕೆ ವರ್ಗವಾಗಿ, ತಿಂಗಳಿಗೆರಡು ಭಾನುವಾರದ ಅಪ್ಪನಾಗಿದ್ದೆ. ಆ ಲೆಕ್ಕವನ್ನು ನಾನು ಹಿಡಿದೇ ಇರಲಿಲ್ಲ. ಅಷ್ಟರಲ್ಲಿ ಅಳಿಯ ತೀರ್ಪು ಕೊಟ್ಟ: ಎಡದಿಂದ ಹೋದಾಗ ಬಲದ್ದು ಮೇಲು, ಬಲದಿಂದ ಬಂದಾಗ ಎಡದ್ದು. "ನಾಳೆ ಇನ್ನೊಂದ್ಸಲ ನೋಡ್ಬೇಕು" ಎಂದು ಲೋಟ ತೊಳೆಯಲು ಎದ್ದ. ನಾನು ಫೋನು ಹಿಡಿದು ಹಿತ್ತಿಲ ಬಾಗಿಲಿಗೆ ಹೋದೆ. ಬೆಂಗಳೂರಿನಲ್ಲಿ ನಡುರಾತ್ರಿ ಎಂಬುದು ನೆನಪಾದದ್ದು, ಚಿಕ್ಕವನ ನಿದ್ದೆಗಣ್ಣಿನ ದನಿ "ಏನಪ್ಪಾ, ಏನಾಯ್ತು?" ಎಂದಾಗಲೇ.

"ಏನಿಲ್ಲ ಮರಿ," ಎಂದೆ, "ಊಟ ಆಯ್ತಾ?"