ಕ್ಯಾಮೆರಾದ ಕಣ್ಣಿಗೆ ಲಜ್ಜೆ ಬೇಡವೇ?

2021ರ ನವೆಂಬರ್ 8ರಂದು ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಬರಿಗಾಲು, ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಉಟ್ಟ ಹಾಲಕ್ಕಿ ಒಕ್ಕಲಿಗರ ಸೀರೆ. ಆ ಚಿತ್ರ ಸಾಮಾಜಿಕ ಜಾಲತಾಣಗಳ ಮೂಲಕ ದೇಶವನ್ನೆಲ್ಲ ಸುತ್ತಿತು. ಗಿಡ ನೆಟ್ಟು ಬದುಕು ಸವೆಸಿದ ಆ ತಾಯಿಯ ಮುಂದೆ ಜನ ಗೌರವದಿಂದ ತಲೆಬಾಗಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅದೇ ಚಿತ್ರ ಮತ್ತೆ ಎಲ್ಲರ ಕೈಗೆ ಬಂತು.

ಕುಮಟಾ, ಹೊನ್ನಾವರದ ಪೇಟೆಗಳಲ್ಲಿ ತರಕಾರಿ ಮಾರುವ ಹಾಲಕ್ಕಿ ಅಜ್ಜಿಯರನ್ನು ಕಂಡವರಿಗೆ ಆ ಉಡುಪು ಹೊಸತಲ್ಲ. ಕಿರಿಯರು ಈಗ ರವಿಕೆ ತೊಡುತ್ತಾರೆ. ಹಿರಿಯರಿಗೆ ಆ ಸೀರೆ ಮತ್ತು ಮಣಿಸರವೇ ಮಾನ. ಆದರೆ ಒಂದು ಸನ್ನಿವೇಶ ಊಹಿಸಿ. ಅಜ್ಜಿ ಬುಟ್ಟಿ ಇಳಿಸಲು ಬಾಗುತ್ತಾಳೆ, ಸೆರಗು ತುಸು ಸರಿಯುತ್ತದೆ. ದೂರದಲ್ಲಿ ಹೊಂಚಿ ನಿಂತವನ ಕ್ಯಾಮೆರಾ ಆ ಕ್ಷಣವನ್ನೇ ಹಿಡಿಯುತ್ತದೆ. ಅವನು ಅದಕ್ಕೆ 'ಕಲೆ' ಎಂದು ಹೆಸರಿಟ್ಟು ಜಾಲತಾಣಕ್ಕೆ ಏರಿಸುತ್ತಾನೆ. ಉಡುಪು ಅದೇ, ಜನಾಂಗ ಅದೇ. ಹಾಗಾದರೆ ಎರಡು ಚಿತ್ರಗಳ ನಡುವೆ ಬದಲಾದದ್ದು ಏನು?

ಈ ಪ್ರಶ್ನೆಯನ್ನು ಜಾಲತಾಣಗಳ ನಿಯಮಗಳಿಗೆ ಕೇಳಿ ನೋಡಿದರೆ ಸಿಗುವ ಉತ್ತರ ವಿಚಿತ್ರವಾಗಿದೆ. ಫೇಸ್‌ಬುಕ್ 2015ರಲ್ಲಿ ತನ್ನ ನಿಯಮವನ್ನು ಬಿಡಿಸಿ ಹೇಳಿತು. ನಗ್ನ ದೇಹದ ವರ್ಣಚಿತ್ರ ಮತ್ತು ಶಿಲ್ಪಕ್ಕೆ ಅನುಮತಿ ಉಂಟು. ಮಗುವಿಗೆ ಹಾಲೂಡುವ ತಾಯಿಯ ಚಿತ್ರಕ್ಕೆ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಗಾಯದ ಚಿತ್ರಕ್ಕೆ ವಿನಾಯಿತಿ ಉಂಟು. ಉಳಿದಂತೆ ಜೀವಂತ ವ್ಯಕ್ತಿಯ ಛಾಯಾಚಿತ್ರದಲ್ಲಿ ದೇಹದ ಇಂತಿಂಥ ಭಾಗ ಕಾಣಬಾರದು. ಅಂದರೆ ಅಳತೆಗೋಲು ಚರ್ಮ. ಈ ಅಳತೆಗೋಲು ಎಷ್ಟು ಕುರುಡು ಎಂಬುದು ಮರುವರ್ಷವೇ ಬಯಲಾಯಿತು. ವಿಯೆಟ್ನಾಂ ಯುದ್ಧದಲ್ಲಿ ನೇಪಾಮ್ ಬಾಂಬಿಗೆ ಬೆಂದು, ಬಟ್ಟೆಯಿಲ್ಲದೆ ಅಳುತ್ತ ಓಡಿಬರುವ ಬಾಲಕಿಯ 1972ರ ಚಿತ್ರವನ್ನು 2016ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಅಳಿಸಿಹಾಕಿತು. ನಾರ್ವೆಯ ಪ್ರಧಾನಿಯೇ ಅದನ್ನು ಹಾಕಿದಾಗಲೂ ಅಳಿಸಿತು. ಜಗತ್ತು ಪ್ರತಿಭಟಿಸಿದ ಮೇಲೆ ಮರಳಿ ಬಿಟ್ಟಿತು. ಬಾಂಬು ಹಾಕಿದವರ ನಿರ್ಲಜ್ಜೆ ನಿಯಮಕ್ಕೆ ಕಾಣಲಿಲ್ಲ, ಸುಟ್ಟ ಮಗುವಿನ ಮೈ ಕಂಡಿತು.

ಕಂಪೆನಿಗಳ ಕಷ್ಟವನ್ನೂ ಒಪ್ಪಬೇಕು. ದಿನಕ್ಕೆ ಕೋಟಿಗಟ್ಟಲೆ ಚಿತ್ರಗಳು ಬಂದು ಬೀಳುವಲ್ಲಿ ಪ್ರತಿಯೊಂದರ ಹಿಂದು ಮುಂದು ವಿಚಾರಿಸಲು ಸಾಧ್ಯವಿಲ್ಲ. ಸೇಡಿಗಾಗಿ ಹರಿಬಿಡುವ ಚಿತ್ರಗಳನ್ನು, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ತಡೆಯಲು ಒಂದು ಗಟ್ಟಿ ಬೇಲಿ ಬೇಕೇ ಬೇಕು. ಆದರೆ ಬೇಲಿಯನ್ನೇ ನೀತಿಯೆಂದು ತಿಳಿಯುವುದು ತಪ್ಪು.

ಯಾಕೆಂದರೆ ಒಂದಿಷ್ಟೂ ಚರ್ಮ ಕಾಣದ ಚಿತ್ರದಿಂದಲೂ ಹೆಣ್ಣಿನ ಮಾನ ಕಳೆಯಬಹುದು. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿಯಲ್ಲಿ 'ಬುಲ್ಲಿ ಬಾಯ್' ಎಂಬ ಆ್ಯಪ್‌ಗಳಲ್ಲಿ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು 'ಹರಾಜಿಗೆ' ಇಟ್ಟರು. ಅವು ಆ ಮಹಿಳೆಯರೇ ಜಾಲತಾಣಗಳಲ್ಲಿ ಹಾಕಿಕೊಂಡಿದ್ದ ಸಾಮಾನ್ಯ ಚಿತ್ರಗಳು. 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳ ಗೇಟಿನಲ್ಲಿ ವಿದ್ಯಾರ್ಥಿನಿಯರು, ಶಿಕ್ಷಕಿಯರು ಬುರ್ಖಾ ಕಳಚುವುದನ್ನು ಕ್ಯಾಮೆರಾಗಳು ಅಟ್ಟಿಸಿಕೊಂಡು ಹೋಗಿ ತೋರಿಸಿದವು. ಅಲ್ಲಿ ಯಾವ ನಗ್ನತೆಯೂ ಇರಲಿಲ್ಲ. ಆದರೂ ಆ ದೃಶ್ಯಕ್ಕಿಂತ ಅಶ್ಲೀಲವಾದುದು ಏನಿದೆ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ತುಸು ಮುಂದೆ ಹೋಗಿದೆ. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವನ ಭಾವಿ ಪತ್ನಿಯ ನಗ್ನಚಿತ್ರ ಅಶ್ಲೀಲವಲ್ಲವೆಂದಿತು. ವರ್ಣದ್ವೇಷದ ವಿರುದ್ಧ ಆ ಚಿತ್ರ ಹೇಳುವ ಸಂದೇಶವನ್ನೂ ಸಂದರ್ಭವನ್ನೂ ನೋಡಬೇಕೆಂದಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, ತನ್ನ ನಗ್ನ ಅಥವಾ ಅರೆನಗ್ನ ಚಿತ್ರದ ಬಗ್ಗೆ ವ್ಯಕ್ತಿ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕೆಂದು ವಿಧಿಸಿದವು. ಇಲ್ಲಿ ಚಿತ್ರದಲ್ಲಿರುವ ವ್ಯಕ್ತಿ ಏನು ಹೇಳುತ್ತಾಳೆ ಎಂಬುದಕ್ಕೆ ಬೆಲೆ ಬಂತು. ಆದರೆ ಮೊಬೈಲೇ ಇಲ್ಲದ ಅಜ್ಜಿ ಯಾರಿಗೆ ದೂರು ಕೊಡಬೇಕು? ತನ್ನ ಚಿತ್ರ ಎಲ್ಲಿ ಸುತ್ತುತ್ತಿದೆ ಎಂಬುದೇ ಅವಳಿಗೆ ತಿಳಿಯದು. ಅವಳ ಪಾಲಿಗೆ ಕಾನೂನು ಇರಬೇಕಾದದ್ದು ನೋಡುವವನ ಎದೆಯಲ್ಲಿ.

ಪವಿತ್ರ ಕುರ್‌ಆನ್ ಲಜ್ಜೆಯ ಪಾಠವನ್ನು ಆರಂಭಿಸಿರುವುದು ಅಲ್ಲಿಂದಲೇ. ಅನ್ನೂರ್ ಅಧ್ಯಾಯದ 30ನೆಯ ಸೂಕ್ತ ಮೊದಲು ವಿಶ್ವಾಸಿ ಪುರುಷರಿಗೆ ದೃಷ್ಟಿ ತಗ್ಗಿಸಲು ಆದೇಶಿಸುತ್ತದೆ. ಸ್ತ್ರೀಯರಿಗೆ ಉಪದೇಶ ಬರುವುದು ಅದರ ನಂತರ. ಹಜ್ಜ್‌ನ ಸಂದರ್ಭದಲ್ಲಿ ಒಬ್ಬ ಮಹಿಳೆ ಪ್ರವಾದಿಯವರ(ಸ) ಬಳಿ ತನ್ನ ತಂದೆಯ ಪರವಾಗಿ ಹಜ್ಜ್ ಮಾಡಬಹುದೇ ಎಂದು ಕೇಳಲು ಬಂದಳು. ಜೊತೆಗಿದ್ದ ತರುಣ ಫಝ್ಲ್ ಬಿನ್ ಅಬ್ಬಾಸ್ ಅವಳನ್ನೇ ದಿಟ್ಟಿಸತೊಡಗಿದರು. ಪ್ರವಾದಿ(ಸ) ಫಝ್ಲ್‌ರ ಮುಖವನ್ನು ಬೇರೆಡೆಗೆ ತಿರುಗಿಸಿದರು, ಮಹಿಳೆಯ ಪ್ರಶ್ನೆಗೆ ಉತ್ತರ ಕೊಟ್ಟರು.

'ಮೈ ಮುಚ್ಚಿಕೊಳ್ಳಿ ಎನ್ನುವ ನೀವು ಹಾಲಕ್ಕಿ ಉಡುಪಿನ ಪರ ಮಾತಾಡುವುದು ಹೇಗೆ?' ಎಂದು ಯಾರಾದರೂ ಕೇಳಬಹುದು. ದೇಹವು ದೇವನು ಕೊಟ್ಟ ಅಮಾನತ್ತು, ಅದನ್ನು ಪ್ರದರ್ಶನಕ್ಕೆ ಇಡಬಾರದು ಎಂಬುದು ನಮ್ಮ ನಂಬಿಕೆ. ಕಲೆಯ ಹೆಸರು ಹೇಳಿದ ಮಾತ್ರಕ್ಕೆ ಅದು ಸಡಿಲವಾಗದು. ಆದರೆ ಆ ಅಜ್ಜಿ ಪ್ರದರ್ಶನಕ್ಕೆ ನಿಂತವಳಲ್ಲ. ತನ್ನ ಹಿರಿಯರಂತೆ ಉಟ್ಟು ದುಡಿಯಲು ಬಂದವಳು. ಅವಳನ್ನು ಪ್ರದರ್ಶನವಾಗಿಸಿದ್ದು ಕ್ಯಾಮೆರಾ. ಭಟ್ಕಳದ ನಡುವೆ ಜೈನ ಬಸದಿ ಇದೆ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಇದೆ. ಜೈನರಿಗೆ ದಿಗಂಬರತ್ವವೆಂದರೆ ವೈರಾಗ್ಯ. ಅದು ನಮ್ಮ ದಾರಿಯಲ್ಲ. ಆದರೂ ನೆರೆಯವರ ವೈರಾಗ್ಯದಲ್ಲಿ ಅಶ್ಲೀಲ ಕಾಣುವ ಹಕ್ಕು ನಮಗಿಲ್ಲ. ನನ್ನ ಉಡುಪಿನ ನಿಯಮ ನನಗೆ. ನನ್ನ ಕಣ್ಣಿನ ನಿಯಮವಾದರೋ ನಾನು ನೋಡುವ ಪ್ರತಿಯೊಬ್ಬರ ಪಾಲಿಗೂ ನನ್ನ ಮೇಲಿರುವ ಸಾಲ.

ಮುರ್ಡೇಶ್ವರದ ಕಡಲಲ್ಲಿ ಬುರ್ಖಾ ತೊಟ್ಟು ಅಲೆಗೆ ಕಾಲೊಡ್ಡಿದ ನಮ್ಮ ಅಕ್ಕನನ್ನು ಅಪರಿಚಿತನೊಬ್ಬ ಮೊಬೈಲಿನಲ್ಲಿ ಸೆರೆಹಿಡಿದರೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಕುಮಟಾ ಪೇಟೆಯ ಅಜ್ಜಿಯ ಚಿತ್ರ ವಾಟ್ಸಾಪಿನಲ್ಲಿ ಬಂದಾಗ ನಾವು ಏನು ಮಾಡುತ್ತೇವೆ? ಅದನ್ನು ಮುಂದಕ್ಕೆ ಕಳಿಸುವ ಬೆರಳು ಒಂದು ಕ್ಷಣ ತಡೆದು, 'ಇವಳನ್ನು ಕೇಳಿದ್ದರೇ?' ಎಂದು ವಿಚಾರಿಸಿದರೆ ಸಾಕು. ಜಾಲತಾಣದ ನಿಯಮ ಬಿಟ್ಟುಬಿಡುವ ಚಿತ್ರವನ್ನೂ ಆಗ ನಮ್ಮ ಲಜ್ಜೆ ತಡೆಯುತ್ತದೆ.